ಒದೆಯದ ಬಂದೂಕು

ವಾಸುದೇವ: ಇದೂ ಒದೆಯುತ್ತೆ! ನೋಡ್ದೆಯಾ ನಿರುಪಮಾ, ಇದೂ ಒದೀತು! ಕತ್ತೆ ಒದ್ದ ಹಾಗೆ ಒದೀತು. ಬೇಡವೇ ಬೇಡ.

ನಿರುಪಮಾ: ಅಲ್ರೀ, ಮೊದಲನೇದು ಎತ್ತು ಒದ್ದಂಗ ಅಂದ್ರಿ. ಎರಡನೇದು ಕುದರಿ. ಈಗ ಕತ್ತೆ. ನಾವು ಬಂದೂಕ ನೋಡ್ಲಿಕ್ಕೆ ಬಂದೀವೋ, ದನದ ಸಂತಿಗೆ ಬಂದೀವೋ?

ವಾಸುದೇವ: ನಿಂಗೇನಮ್ಮ, ನೀನು ದೂರ ನಿಂತಿದೀಯ. ಪೆಟ್ಟು ಬಿದ್ದೋನಿಗೆ ಗೊತ್ತು.

ನಿರುಪಮಾ: ಪೆಟ್ಟು ತಿನ್ರಿ ಅಂತ ನಿಮಗ ಯಾರು ಹೇಳಿದ್ರು? ಬಂದೂಕ ಬೇಕಾದಾಕಿ ಅಲ್ಲಿ ಸುಮ್ಮನ ಕೂತಾಳ. ಆಕಿ ಕೈಗೆ ಕೊಡ್ರಿ ಒಮ್ಮೆ.

ವಾಸುದೇವ: ಅದು ಹೇಗಾಗುತ್ತೆ? ನಾನು ಟೆಸ್ಟ್ ಮಾಡದೆ ಯಾವುದನ್ನೂ ಶಿಪ್ ಮಾಡೋನಲ್ಲ. ನನ್ನ ಭುಜಕ್ಕೆ ಒದೀದೇ ಇರೋದು ಮಾತ್ರ ಅವಳ ಭುಜಕ್ಕೆ ಹೋಗಬೇಕು. ಸಿಂಪಲ್ ಲಾಜಿಕ್ಕು.

ಈ ಲಾಜಿಕ್ಕು ನಡೆಯುತ್ತಿದ್ದುದು ಮಾರ್ಗನ್ ಹಿಲ್ ಊರಿನಾಚೆ, ಬಂದೂಕಿನ ಅಂಗಡಿಯೊಂದರ ಹಿತ್ತಿಲಲ್ಲಿ. ಹಿತ್ತಿಲೆಂದರೆ ಒಣಹುಲ್ಲಿನ ಗುಡ್ಡಕ್ಕೆ ಎದುರಾಗಿ ಒಂದು ತಗಡಿನ ಚಪ್ಪರ, ಅದರಡಿ ಒಂದು ಮೇಜು, ದೂರದಲ್ಲಿ ಕಾಗದದ ಗುರಿ. ವಾಸುದೇವರು ಹಾಸನದ ಕಡೆಯ ವೈದಿಕರ ಮನೆಯವರು. ಬೆಳ್ಳುಳ್ಳಿಯನ್ನು ಕೂಡ ಅಮೆರಿಕಕ್ಕೆ ಬಂದ ಮೇಲೆ ಅಂಜುತ್ತಾ ಅಂಜುತ್ತಾ ಕಲಿತವರು. ಇಂಥವರು ಜಿಂಕೆ ಹೊಡೆಯುವ ಬಂದೂಕು ಕೊಳ್ಳಲು ಶನಿವಾರದ ಊಟ ಮುಗಿಸಿ ಕ್ಯಾಂಪ್‌ಬೆಲ್ಲಿನಿಂದ ಫ್ರೀವೇ ಹಿಡಿದು ಬಂದಿದ್ದರು. ತಮಗಲ್ಲ, ಹದಿನಾಲ್ಕು ವರ್ಷದ ಮಗಳು ನಿಸರ್ಗಾಳಿಗೆ. ಜೊತೆಗೆ ಬಂದ ಹೆಂಡತಿ ನಿರುಪಮಾ ಧಾರವಾಡದವರು. ಇಷ್ಟು ವರ್ಷ ಕ್ಯಾಲಿಫೋರ್ನಿಯಾದ ನೀರು ಕುಡಿದರೂ ಬಾಯಿ ಧಾರವಾಡದ್ದೇ. ಮಗಳು ಇಲ್ಲಿಯೇ ಹುಟ್ಟಿದವಳು. ಕನ್ನಡ ಎಲ್ಲವೂ ಅವಳಿಗೆ ಅರ್ಥವಾಗುತ್ತದೆ, ಪಾತ್ರೆ ತೊಳೆ ಎನ್ನುವುದೊಂದನ್ನು ಬಿಟ್ಟು.

ನಾಲ್ಕನೆಯವನು ಅಂಗಡಿಯ ಯಜಮಾನ ಸಿಲ್ವೇರಾ. ಬಿಳಿ ಮೀಸೆ, ದೊಡ್ಡ ಹೊಟ್ಟೆ, ದೊಡ್ಡ ತಾಳ್ಮೆ. ಅವನು ಮಾತಾಡಿದ್ದು ಇಂಗ್ಲಿಷಿನಲ್ಲಿ. ನಮ್ಮ ಅನುಕೂಲಕ್ಕೆ ಅವನ ಬಾಯಲ್ಲೂ ಕನ್ನಡವನ್ನೇ ಆಡಿಸುತ್ತಿದ್ದೇನೆ, ಅವನೇನೂ ಬೇಸರ ಮಾಡಿಕೊಳ್ಳಲಾರ.

ಸಿಲ್ವೇರಾ: ಸರ್, ಭುಜಕ್ಕೆ ಗಟ್ಟಿಯಾಗಿ ಒತ್ತಿ ಹಿಡೀಬೇಕು ಅಂತ ಆಗಲೇ ಹೇಳಿದ್ದೆ.

ವಾಸುದೇವರು ತಲೆ ಆಡಿಸಿದರು. ನಮ್ಮವರ ಆ ತಲೆಯಾಟದಲ್ಲಿ ಹೌದು, ಅಲ್ಲ, ನೋಡೋಣ, ನಿಮ್ಮ ಪಾಡಿಗೆ ನೀವು ಹೇಳ್ತಿರಿ, ಎಲ್ಲವೂ ಸೇರಿರುತ್ತದೆ. ಸಿಲ್ವೇರಾ ಅದನ್ನು ಹೌದು ಎಂದೇ ತಿಳಿದ.

ವಾಸುದೇವ: ಇದಕ್ಕಿಂತ ಹಗುರವಾದದ್ದು ಇಲ್ವಾ? ಮಗು ಕೈಗೆ ಹೂವಿನ ಹಾಗಿರಬೇಕು.

ಸಿಲ್ವೇರಾ: ಹಗುರ ಆದಷ್ಟೂ ಜೋರಾಗಿ ಒದೆಯುತ್ತೆ ಸರ್. ತೂಕ ಇರೋದೇ ಒಳ್ಳೇದು. ಏಟನ್ನ ಅದೇ ನುಂಗಿಕೊಳ್ಳುತ್ತೆ.

ನಿರುಪಮಾ: ಕೇಳಿದ್ರೇನು? ತೂಕ ಇದ್ದವರು ಒದಿಯಂಗಿಲ್ಲಂತ. ಹಗುರ ಇದ್ದವರದ್ದ ಹಾರಾಟ.

ವಾಸುದೇವ: ಅದು ನಂಗೆ ಹೇಳಿದ್ದಾ?

ನಿರುಪಮಾ: ಬಂದೂಕಿಗೆ ಹೇಳಿದೆ. ನೀವ್ಯಾಕ ಮೈಮ್ಯಾಲೆ ಹಾಕ್ಕೋತೀರಿ?

ಸಿಲ್ವೇರಾ: ನಾನೊಂದು ಮಾತು ಹೇಳ್ಲಾ? ಆ ಹುಡುಗಿ ಒಂದು ಸಲ ಹೊಡೆದು ನೋಡಲಿ.

ವಾಸುದೇವ: ಐ ಆ್ಯಮ್ ದಿ ಟೆಸ್ಟರ್.

ನಿರುಪಮಾ: ಹೌದಪ್ಪಾ. ಇವರು ನಾಯಿಗೆ ಇಂಟರ್ನೆಟ್ಟಿನ್ಯಾಗ ಸ್ವೆಟರ್ ಮಾರೋ ಕಂಪನಿ ಟೆಸ್ಟರು. ಹೋದ ವಾರ ಇವರು ಟೆಸ್ಟ್ ಮಾಡಿ ಬಿಟ್ಟದ್ದಕ್ಕ ಡಬ್ಲಿನ್ನಿನ್ಯಾಗ ಒಬ್ಬಾಕಿ ಬೆಕ್ಕಿಗೆ ಹದಿನೆಂಟು ಸ್ವೆಟರ್ ಹೋಗ್ಯಾವ.

ವಾಸುದೇವ: ಅದು ಸರ್ವರ್ ಟೀಮಿನ ತಪ್ಪು! ನಂದಲ್ಲ! ಮತ್ತೆ ಅದನ್ನ ಇಲ್ಲಿ ಯಾಕೆ ಎತ್ತಿದೆ?

ನಿಸರ್ಗಾ: ಅಪ್ಪಾ, ಅಮ್ಮಾ, ಪ್ಲೀಸ್. ಎವ್ರಿಬಡೀಸ್ ಲುಕಿಂಗ್.

ವಾಸುದೇವ: ಯಾರು ಎವ್ರಿಬಡಿ? ಇಲ್ಲಿರೋದು ಈ ಸಿಲ್ವೇರಾ ಒಬ್ಬ.

ನಿಸರ್ಗಾ: ಹೀ ಈಸ್ ಲುಕಿಂಗ್.

ಸಿಲ್ವೇರಾ ಗುಡ್ಡದ ಕಡೆ ತಿರುಗಿ ನಿಂತ.

ವಾಸುದೇವ: ಅಲ್ಲ ಪುಟ್ಟಾ, ನೀನೇ ಯೋಚ್ನೆ ಮಾಡು. ಪಿಯಾನೋ ಕೇಳಿದ್ರೆ ಕೊಡಿಸ್ತಿದ್ದೆ. ಟೆಲಿಸ್ಕೋಪು ಕೇಳಿದ್ರೆ ಎರಡು ಕೊಡಿಸ್ತಿದ್ದೆ. ನಿಸರ್ಗ ಅಂತ ಹೆಸರಿಟ್ಟೆ ನಿಂಗೆ. ನಿಸರ್ಗಕ್ಕೇ ಗುಂಡು ಹೊಡೀತೀನಿ ಅಂತೀಯಲ್ಲ!

ನಿಸರ್ಗಾ: ಯೂ ಪ್ರಾಮಿಸ್ಡ್.

ಇದಕ್ಕೆ ಉತ್ತರ ಬಂದದ್ದು ನಿರುಪಮಾ ಅವರಿಂದ.

ನಿರುಪಮಾ: ಮಾತ ಕೊಟ್ಟೀರಿ. ಹಂಗ ಹಿಂಗ ಅಲ್ಲ, ಪರೀಕ್ಷಾದಾಗ ನೂರಕ್ಕ ನೂರು ತಗದ್ರ ಏನ ಕೇಳ್ತಿ ಅದನ್ನ ಕೊಡಸ್ತೀನಿ ಅಂತ ಕೈಮ್ಯಾಲೆ ಕೈ ಇಟ್ಟು ಹೇಳೀರಿ.

ವಾಸುದೇವ: ಯಾವ ಪರೀಕ್ಷೆ ಅಂತ ನಂಗೇನು ಗೊತ್ತಿತ್ತು?

ನಿರುಪಮಾ: ಗೊತ್ತಿರಲಿಲ್ಲಾ? ದಿನಾ ಸಂಜಿಗೆ ಪುಸ್ತಕ ಹಿಡಕೊಂಡು ಪ್ರಶ್ನಿ ಕೇಳ್ತಿದ್ದವರು ಯಾರು? ‘ಬಂದೂಕಿನ ನಳಿಗೆ ಯಾವ ದಿಕ್ಕಿಗೆ ಇರಬೇಕು, ಜೋರಾಗಿ ಹೇಳು, ಇನ್ನೊಮ್ಮೆ ಹೇಳು’ ಅಂತ ಗದರಸ್ತಿದ್ದವರು ಯಾರು?

ವಾಸುದೇವ: ಹಂಟರ್ ಸೇಫ್ಟಿ ಅಂತ ಇತ್ತು. ನನ್ನ ಕಣ್ಣಿಗೆ ಸೇಫ್ಟಿ ಮಾತ್ರ ಬಿತ್ತು. ಪರೀಕ್ಷೆ ಅಂದ್ಲು, ಮಾರ್ಕ್ಸು ಅಂದ್ಲು. ಮನೇಲಿ ಮಗು ಪರೀಕ್ಷೆ ಅಂದ್ರೆ ಯಾವ ತಂದೆ ಯಾಕೆ ಅಂತ ಕೇಳ್ತಾನೆ? ಓದು ಅಂದೆ. ಓದಿಸಿದೆ. ನಮ್ಮಪ್ಪ ನಂಗೆ ಮಾಡಿದ್ದೂ ಅಷ್ಟೇ.

ನಿರುಪಮಾ: ನಿಮ್ಮಪ್ಪ ನಿಮಗ ವ್ಯಾಕರಣ ಓದಿಸಿದ್ರು. ನೀವು ಮಗಳಿಗೆ ಬ್ಯಾಟಿ ಓದಿಸೀರಿ. ಮ್ಯಾಲೆ ನೂರಕ್ಕ ನೂರು ಬಂದ ದಿವಸ ಕನ್ನಡಕೂಟದ ಪಿಕ್ನಿಕ್ಕಿನ್ಯಾಗ ಮೈಕ್ ತಗೊಂಡು ಹೇಳಿ, ಎಲ್ಲಾರಿಗೂ ಪೇಢೆ ಹಂಚೀರಿ. ಆ ವಿರುಪಾಕ್ಷಪ್ಪನವರು ಯಾವ ಸಬ್ಜೆಕ್ಟು ಅಂತ ಕೇಳಿದಾಗ ನಿಮ್ಮ ಮಾರಿ ನೋಡಬೇಕಿತ್ತು.

ವಾಸುದೇವ: ಪರಿಸರ ವಿಜ್ಞಾನ ಅಂದೆ. ಪೂರ್ತಿ ಸುಳ್ಳೇನಲ್ಲ.

ಸಿಲ್ವೇರಾ ಈ ನಡುವೆ ಒಳಗೆ ಹೋಗಿ ಇನ್ನೊಂದು ಬಂದೂಕು ತಂದ. ನೋಡಲು ಸಣ್ಣದು, ಹಿಂಬದಿಯ ಮರದ ಹಿಡಿ ಗಿಡ್ಡ.

ಸಿಲ್ವೇರಾ: ಮೊದಲೇ ಇದನ್ನ ತೋರಿಸೋಣ ಅಂತಿದ್ದೆ, ನೀವು ಸರದಿ ಪ್ರಕಾರ ದೊಡ್ಡದರಿಂದ ಬರೋಣ ಅಂದ್ರಿ. ಇದಕ್ಕೆ ಟೂ ಫಾರ್ಟಿ ಥ್ರೀ ಅಂತಾರೆ. ಗುಂಡು ಸಣ್ಣದು, ಒದೆ ತೀರಾ ಕಮ್ಮಿ, ಆದರೂ ಜಿಂಕೆಗೆ ಸಾಕು. ಹಿಡಿ ಗಿಡ್ಡ ಇರೋದರಿಂದ ಮಕ್ಕಳ ತೋಳಿಗೆ ಸರಿಹೋಗುತ್ತೆ. ನನ್ನ ಮೂರೂ ಮೊಮ್ಮಕ್ಕಳು ಕಲಿತದ್ದು ಇದರಲ್ಲೇ.

ವಾಸುದೇವ: ಜಿಂಕೆಗೆ ಸಾಕು ಅಂದನಲ್ಲ ನಿರುಪಮಾ! ಎಷ್ಟು ಸಲೀಸಾಗಿ ಅಂದುಬಿಟ್ಟ!

ನಿರುಪಮಾ: ಮತ್ತ ಜಿಂಕಿ ಬಂದೂಕ ಕೇಳಿದ್ರ ಜಿಂಕಿಗೆ ಸಾಕು ಅನ್ನದ ಸೊಳ್ಳಿಗೆ ಸಾಕು ಅಂತಾನೇನು?

ವಾಸುದೇವ: ಕೊಂದ ಪಾಪ ತಿಂದು ಪರಿಹಾರ ಅಂತ ದೊಡ್ಡೋರು ಹೇಳಿದಾರೆ. ನಾವೋ ತಿನ್ನೋ ಹಾಗಿಲ್ಲ. ಆ ಪಾಪ ಎಲ್ಲಿಗೆ ಹೋಗುತ್ತೆ? ಮನೇಲೇ ಉಳಿಯುತ್ತೆ. ಫ್ರಿಜ್ಜಿನಲ್ಲಿ ಇಡೋಕಾಗುತ್ತಾ?

ನಿರುಪಮಾ: ಮೇಗನ್ ಮನಿಯವರು ತಿಂತಾರ. ಪರಿಹಾರ ಅವರ ಕಡೆ ಆಗ್ತದ.

ವಾಸುದೇವ: ಕೊಂದೋರು ನಾವು, ತಿಂದೋರು ಅವರು. ಶಾಸ್ತ್ರದಲ್ಲಿ ಟ್ರಾನ್ಸ್‌ಫರ್ ಇಲ್ಲಮ್ಮ.

ಮೇಗನ್ ಎಂದರೆ ನಿಸರ್ಗಾಳ ಗೆಳತಿ. ಹೋದ ವರ್ಷ ಹೊಸ ಸ್ಕೂಲಿಗೆ ಸೇರಿದ ಮೇಲೆ ನಿಸರ್ಗಾ ತಿಂಗಳುಗಟ್ಟಲೆ ಲಂಚ್ ಡಬ್ಬಿಯ ಊಟವನ್ನು ಒಬ್ಬಳೇ ಕೂತು ತಿಂದವಳು. ಆ ಒಂಟಿತನ ಮುರಿದದ್ದು ಈ ಮೇಗನ್. ಅವಳ ಮನೆ ಮಾರ್ಗನ್ ಹಿಲ್ಲಿನ ಗುಡ್ಡದ ಬುಡದಲ್ಲಿ. ಅಲ್ಲಿನ ಮಕ್ಕಳ ಕ್ಲಬ್ಬಿನಲ್ಲಿ ಇಬ್ಬರೂ ಗುರಿ ಹೊಡೆಯುವುದನ್ನು ಕಲಿತರು. ಈಗ ಜಿಂಕೆಯ ಸೀಸನ್ನು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಬಂದೂಕಿಗೆ ದುಡ್ಡು ಕೊಟ್ಟು ಸಹಿ ಹಾಕಿದರೂ ಹತ್ತು ದಿನ ಕಾಯಬೇಕೆಂಬುದು ಕ್ಯಾಲಿಫೋರ್ನಿಯಾದ ಕಾನೂನು. ಇವತ್ತು ತಪ್ಪಿದರೆ ಮುಂದಿನ ವರ್ಷವೇ. ಈ ಲೆಕ್ಕ ಮೂವರಿಗೂ ಗೊತ್ತಿತ್ತು. ವಾಸುದೇವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಸಿಲ್ವೇರಾ: ಅಂಗಡಿ ಮುಚ್ಚೋ ಹೊತ್ತಾಗ್ತಿದೆ. ಕೊನೇದಾಗಿ ಇದನ್ನ ನೋಡಿಬಿಡಿ. ನಿಮಗೋಸ್ಕರ ಆ ಮೂರು ಬಂದೂಕಿಗೂ ಹಿಂಬದಿಗೆ ಹಾಕಿದ್ದ ಚರ್ಮದ ಮೆತ್ತೆಯನ್ನ ಇದಕ್ಕೂ ತೊಡಿಸಿದೀನಿ. ಹೊಸಬರ ಭುಜಕ್ಕೆ ಹಾಯಾಗಿರಲಿ ಅಂತ.

ವಾಸುದೇವ: ಥ್ಯಾಂಕ್ಯೂ. ಅದೇ ಮೆತ್ತೆ ಅಲ್ವಾ? ಆಗ ಹೇಳಿದ್ರಲ್ಲ, ಅದು...

ಸಿಲ್ವೇರಾ: ಅಪ್ಪಟ ದನದ ಚರ್ಮ ಸರ್. ನಮ್ಮಪ್ಪ ಕೈಯಾರೆ ಹೊಲಿದದ್ದು.

ವಾಸುದೇವ: ವೆರಿ ನೈಸ್. ವೆರಿ ವೆರಿ ನೈಸ್.

ವಾಸುದೇವರು ಎಡಚರು. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಬಂದೂಕನ್ನು ಎಡಗಡೆಗೆ ಎತ್ತಿದರು, ಕಣ್ಣು ಮುಚ್ಚಿದರು, ತೆರೆದರು, ಒಂದು ಕಣ್ಣು ಮತ್ತೆ ಮುಚ್ಚಿದರು. ಸಿಲ್ವೇರಾ ಮತ್ತೊಮ್ಮೆ ‘ಒತ್ತಿ ಹಿಡೀರಿ’ ಎಂದ, ಮತ್ತೊಮ್ಮೆ ಆ ತಲೆಯಾಟ ನಡೆಯಿತು. ಢಂ ಎಂದಿತು. ಕನ್ನಡಕ ಹಾರಿ ಮೇಜಿನ ಕೆಳಗೆ ಬಿತ್ತು. ವಾಸುದೇವರು ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ‘ರಾಮಾ’ ಎಂದು ಕೂತುಬಿಟ್ಟರು.

ವಾಸುದೇವ: ಮುಗೀತು. ಇದು ಎಲ್ಲದಕ್ಕಿಂತ ಜೋರು. ಇದನ್ನ ಮಕ್ಕಳಿಗೆ ಕೊಡೋದಂತೆ! ಇವನ ಮೊಮ್ಮಕ್ಕಳಿಗೆ ಏನು ಕಬ್ಬಿಣದ ಭುಜವಾ? ಬೇಡ ಕಣೇ. ಪುಟ್ಟಾ, ಮುಂದಿನ ವರ್ಷ ನೋಡೋಣ. ಅಷ್ಟು ಹೊತ್ತಿಗೆ ಒದೆಯದ ಬಂದೂಕು ಯಾರಾದ್ರೂ ಕಂಡುಹಿಡಿದಿರ್ತಾರೆ. ಟೆಕ್ನಾಲಜಿ ಎಷ್ಟು ಬೇಗ ಬೆಳೀತಿದೆ ಗೊತ್ತಾ?

ನಿಸರ್ಗಾ: ಫೈನ್.

ಅಷ್ಟೇ ಹೇಳಿ ಅವಳು ಚಪ್ಪರದ ಆಚೆ ಹೋಗಿ ಮರದ ದಿಮ್ಮಿಯ ಮೇಲೆ ಬೆನ್ನು ಹಾಕಿ ಕೂತಳು. ಕೂಗಾಡಿದ್ದರೆ ವಾಸುದೇವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹೆತ್ತವರ ಪಾಲಿಗೆ ಫೈನ್ ಎನ್ನುವುದಕ್ಕಿಂತ ಕೆಟ್ಟ ಶಬ್ದ ಇಂಗ್ಲಿಷಿನಲ್ಲಿ ಇನ್ನೊಂದಿಲ್ಲ. ಸಿಲ್ವೇರಾ ಬಂದೂಕನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟು, ಬಾಗಿಲು ಹಾಕುವ ಸಿದ್ಧತೆಗೆಂದು ಒಳಗೆ ಹೋದ.

ನಿರುಪಮಾ: ರೀ, ಇಲ್ಲಿ ಬರ್ರಿ. ಹಂಗ ಸುಮ್ಮನ ಕೈಯಾಗ ಹಿಡೀರಿ ನೋಡೋಣು, ಈಗ ಹೆಂಗ ಹಿಡದಿದ್ರಿ ಹಂಗ.

ವಾಸುದೇವ: ಯಾಕೆ?

ನಿರುಪಮಾ: ಹಿಡೀರಿ ಅಂದ್ನೆಲ್ಲಾ.

ವಾಸುದೇವರು ಹಿಡಿದರು. ಬಂದೂಕಿನ ಹಿಂಬದಿಗೂ ಅವರ ಭುಜಕ್ಕೂ ನಡುವೆ ಒಂದು ಅಂಗೈ ತೂರುವಷ್ಟು ಸಂದು. ನಿರುಪಮಾ ನಿಜವಾಗಿಯೂ ಅಂಗೈ ತೂರಿಸಿ ನೋಡಿದರು.

ನಿರುಪಮಾ: ಇದೇನ್ರಿ ಇದು?

ವಾಸುದೇವ: ಸ್ವಲ್ಪ ಗಾಳಿ ಆಡ್ಲಿ ಅಂತ.

ನಿರುಪಮಾ: ಮಂದಿ ಕೂಸು ಉಚ್ಚಿ ಹೊಯ್ದಾಗ ದೂರ ಹಿಡೀತಾರಲ್ಲಾ, ಹಂಗ ಹಿಡದೀರಿ! ಸಂದು ಬಿಟ್ರ ಅದು ಹಿಂದ ಓಡಿ ಬಂದು ಗುದ್ದದ ಇನ್ನೇನ ಮಾಡ್ತದ? ಆತ ಪಾಪ ಬಡಕೊಂಡ, ಒತ್ತಿ ಹಿಡೀರಿ ಒತ್ತಿ ಹಿಡೀರಿ ಅಂತ. ನಾಲ್ಕು ಬಂದೂಕಿಗೂ ಹಿಂಗ ಹಿಡದ್ರೇನು?

ವಾಸುದೇವರು ಬಂದೂಕನ್ನು ಮೇಜಿನ ಮೇಲಿಟ್ಟು, ಅದರ ಹಿಂಬದಿಯ ಮೆತ್ತೆಯ ಕಡೆ ಬೆರಳು ತೋರಿಸಿದರು.

ನಿರುಪಮಾ: ಯಾಕ್ರೀ? ಬಾಯಿ ಬಿಡ್ರಿ.

ವಾಸುದೇವ: ದನದ ಚರ್ಮ ಕಣೇ.

ನಿರುಪಮಾ: ಹೂಂ, ಮತ್ತ?

ವಾಸುದೇವ: ಮೊನ್ನೆ ತಾನೇ ನೂಲು ಹುಣ್ಣಿಮೆಗೆ ಹೊಸ ಜನಿವಾರ ಹಾಕ್ಕೊಂಡಿದೀನಿ. ನಾನು ಎಡಚ. ಜನಿವಾರ ಇರೋದು ಎಡಭುಜದ ಮೇಲೆ. ಸರಿಯಾಗಿ ಅದರ ಮೇಲೇ ಬಂದು ಕೂರುತ್ತೆ ಆ ಚರ್ಮ. ಹೇಗೆ ತಾಗಿಸಲಿ ಹೇಳು?

ನಿರುಪಮಾ ಅವರಿಗೆ ನಗು ಬಂತು, ತಡೆದುಕೊಂಡರು. ಸಿಟ್ಟು ಬಂತು, ಅದನ್ನು ತಡೆದುಕೊಳ್ಳಲಿಲ್ಲ.

ನಿರುಪಮಾ: ನಡಕ್ಕ ಕಟ್ಟೀರಲ್ಲಾ ಬೆಲ್ಟು, ಅದೇನು ಬಾಳಿ ನಾರಿಂದೇನು?

ವಾಸುದೇವ: ಅದು ಸೊಂಟಕ್ಕೆ. ಸೊಂಟದ ರೂಲ್ಸೇ ಬೇರೆ.

ನಿರುಪಮಾ: ಕಾರಿನ ಚರ್ಮದ ಸೀಟು? ಎಡಭುಜ ಆನಿಸಿ ಒರಗಿ ಕೂಡ್ತೀರಲ್ಲಾ ದಿನಾ?

ವಾಸುದೇವ: ಅದು... ಅದು ಲೀಸಿನ ಕಾರು.

ನಿರುಪಮಾ: ಶಿವ ಶಿವ! ಆತಗ ಆ ಮೆತ್ತಿ ತಗದುಬಿಡು ಅಂತ ಒಂದು ಮಾತ ಹೇಳಬಾರದಿತ್ತೇನು?

ವಾಸುದೇವ: ತೆಗಿ ಅಂದ್ರೆ ಯಾಕೆ ಅಂತಾನೆ. ದನದ ಚರ್ಮ, ನಾವು ಮುಟ್ಟಲ್ಲ ಅಂತ ಹೇಳಬೇಕು. ಆಮೇಲೆ ಅವನು ಕೇಳ್ತಾನೆ, ದನದ ಚರ್ಮ ಮುಟ್ಟದೋನು ಜಿಂಕೆ ಹೊಡೆಯೋ ಬಂದೂಕು ಯಾಕಪ್ಪಾ ತಗೋತೀಯ ಅಂತ. ಅದಕ್ಕೆ ನಾನೇನು ಹೇಳಲಿ? ನಂಗೇ ಉತ್ತರ ಗೊತ್ತಿಲ್ಲ. ಅವರಪ್ಪ ಕೈಯಾರೆ ಹೊಲಿದದ್ದು ಬೇರೆ ಅಂತೆ.

ನಿರುಪಮಾ: ಮೆತ್ತಿ ಇಟ್ಟದ್ದು ಒದಿ ತಪ್ಪಲಿ ಅಂತ. ಆ ಮೆತ್ತಿ ದೆಸಿಯಿಂದನ ನೀವು ಒದಿ ತಿಂದೀರಿ. ಹಿಂಗ ಯಾರರ ಮಾಡ್ಯಾರೇನ್ರಿ ಲೋಕದಾಗ? ಸರಿ. ಜನಿವಾರ ಹೊರಗ ತಗೀರಿ. ಮಾಲಿ ಮಾಡಿ ಕಿವಿಗೆ ಸುತ್ತಕೊಳ್ರಿ.

ವಾಸುದೇವ: ಏನೇ ನೀನು! ಅದು ಪಾಯಿಖಾನೆಗೆ ಹೋಗೋವಾಗ ಮಾಡೋದು!

ನಿರುಪಮಾ: ಇದೂ ಅಷ್ಟ ಅವಸರದ ಕೆಲಸನ. ಆತ ಬಾಗಲಾ ಹಾಕ್ಲಿಕ್ಕತ್ತಾನ. ಭುಜದ ಮ್ಯಾಲೆ ಇಲ್ಲಂದ್ರ ಮೈಲಿಗಿ ಇಲ್ಲ. ಸುತ್ತಕೊಳ್ರಿ ಅಂದ್ನಿ!

ವಾಸುದೇವರು ಗುಡ್ಡದ ಕಡೆ ತಿರುಗಿ, ಕಾಲರಿನೊಳಗೆ ಕೈ ಹಾಕಿ, ಜನಿವಾರ ಎಳೆದು, ಬಲಗಿವಿಗೆ ಎರಡು ಸುತ್ತು ಸುತ್ತಿಕೊಂಡರು. ಅಭ್ಯಾಸದ ಕೆಲಸವಾದ್ದರಿಂದ ಅದರಲ್ಲಿ ತಪ್ಪಾಗಲಿಲ್ಲ. ಅದರ ಮೇಲೆ ಕಿವಿಯ ಮುಚ್ಚಳವನ್ನೂ ಏರಿಸಿದರು. ಸಿಲ್ವೇರಾ ಹೊರಗೆ ಬಂದವನು ನಿಂತು ನೋಡಿದ.

ಸಿಲ್ವೇರಾ: ಕಿವಿಗೆ ಅದೇನು ಸರ್? ಶಬ್ದ ತಡೆಯೋ ಹೊಸ ನಮೂನೆಯಾ?

ವಾಸುದೇವ: ಭಾಳ ಹಳೇ ನಮೂನೆ. ಇನ್ನೊಂದೇ ಒಂದು ಗುಂಡು ಕೊಡಿ. ಲಾಸ್ಟ್ ಟೆಸ್ಟ್.

ಈ ಸಲ ಬಂದೂಕು ಭುಜಕ್ಕೆ ಭದ್ರವಾಗಿ ಕೂತಿತು. ಢಂ ಎಂದಿತು. ವಾಸುದೇವರು ಕಣ್ಣು ಮುಚ್ಚಿಕೊಂಡು ಪೆಟ್ಟಿಗಾಗಿ ಕಾದರು. ಬರಲಿಲ್ಲ. ಇನ್ನೂ ಸ್ವಲ್ಪ ಕಾದರು.

ವಾಸುದೇವ: ಆಯ್ತಾ?

ಸಿಲ್ವೇರಾ: ಆಯ್ತು ಸರ್.

ವಾಸುದೇವ: ಇಷ್ಟೇನಾ? ಬಸ್ಸಲ್ಲಿ ಪಕ್ಕದೋರು ಸ್ವಲ್ಪ ಸರ್ಕೊಳ್ಳಿ ಅಂತ ತಳ್ತಾರಲ್ಲ, ಅಷ್ಟೇ!

ನಿರುಪಮಾ: ಮುಗೀತಲ್ಲಾ. ಒದಿಯಂಗಿಲ್ಲ. ತಗೋರಿ. ದುಡ್ಡು ಕೊಡ್ರಿ, ಸಹಿ ಮಾಡ್ರಿ.

ವಾಸುದೇವರ ಮುಖದ ಸಂತೋಷ ಅಲ್ಲಿಗೇ ನಿಂತಿತು. ಅವರು ಬಂದೂಕನ್ನು ನಿಧಾನವಾಗಿ ಸಿಲ್ವೇರಾನ ಕೈಗೆ ಕೊಟ್ಟರು. ಕಿವಿಯ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಜನಿವಾರ ಕಿವಿಯ ಮೇಲೆಯೇ ಉಳಿಯಿತು.

ನಿರುಪಮಾ: ಈಗ ಇನ್ನೇನು ನೆವಾ?

ವಾಸುದೇವ: ನೆವ ಇಲ್ಲ. ನಿಜ ಹೇಳ್ತೀನಿ ಕೇಳು. ಒದೆ ಅಲ್ಲ ಕಣೇ. ಜಿಂಕೆ ಪಾಪಾನೂ ಪೂರ್ತಿ ಅಲ್ಲ. ಮೊದಲೆಲ್ಲ ಶನಿವಾರ ಬಂದ್ರೆ ನನ್ನ ಕೈ ಹಿಡ್ಕೊಂಡು ಲೈಬ್ರರಿಗೆ ಬರ್ತಿದ್ಲು. ಈಗ ನೋಡು, ಮೇಗನ್ನು, ಮೇಗನ್ನಪ್ಪ, ಮೇಗನ್ನಪ್ಪನ ಟ್ರಕ್ಕು. ಬಾಯಿ ಬಿಟ್ಟರೆ ಅದೇ. ಇದೊಂದು ಬಂದೂಕು ಕೊಡಿಸಿಬಿಟ್ಟರೆ ಆ ಟ್ರಕ್ಕು ಹತ್ತಿ ಹೊರಟುಹೋಗ್ತಾಳೆ. ಆಮೇಲೆ ನಮ್ಮ ಕಡೆ ತಿರುಗಿ ಬರ್ತಾಳಾ? ನಂಗೆ ಹೊಟ್ಟೆಕಿಚ್ಚು ಕಣೇ. ಭಯಾನೂ ಇದೆ.

ನಿರುಪಮಾ: ಅಯ್ಯ ನನ್ನಪ್ಪಾ. ಇದನ್ನ ಮನ್ಯಾಗನ ಹೇಳಿದ್ರ ಭುಜರ ಉಳೀತಿತ್ತಲ್ರೀ.

ಅವರ ದನಿ ಮೆತ್ತಗಾಗಿತ್ತು. ಗಂಡನ ಭುಜದ ಮೇಲೆ ಕೈಯಿಟ್ಟರು. ವಾಸುದೇವರು ‘ಅಯ್ಯಮ್ಮಾ’ ಎಂದು ಕಿರುಚಿದ ಮೇಲೆ ತೆಗೆದರು. ಆ ಕಿರುಚಾಟಕ್ಕೆ ನಿಸರ್ಗಾ ತಿರುಗಿ ನೋಡಿದಳು. ಅಸಲಿಗೆ ಅವಳು ತಿರುಗದೆಯೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎದ್ದು ಬಂದಳು.

ನಿಸರ್ಗಾ: ಅಪ್ಪಾ, ಹೂ ಸೆಡ್ ಮೇಗನ್ಸ್ ಡ್ಯಾಡ್ ಈಸ್ ಟೇಕಿಂಗ್ ಮೀ?

ವಾಸುದೇವ: ಮತ್ತೆ ಯಾರು?

ನಿಸರ್ಗಾ: ನೀನು! ಎಲ್ರೂ ಅವರವರ ಅಪ್ಪನ ಜೊತೆ ಹೋಗೋದು. ದ್ಯಾಟ್ಸ್ ದಿ ಹೋಲ್ ಥಿಂಗ್. ನೀನು ಬರಲ್ವಾ?

ವಾಸುದೇವ: ನಾನಾ? ನೀನು ನನ್ನ ಕರೀಲೇ ಇಲ್ಲವಲ್ಲ ಪುಟ್ಟಾ!

ನಿಸರ್ಗಾ: ನೀನು ಕೇಳ್ಲೇ ಇಲ್ಲ! ಯೂ ಓನ್ಲೀ ಆಸ್ಕ್ಡ್ ಎಬೌಟ್ ಮಾರ್ಕ್ಸ್.

ವಾಸುದೇವ: ಅಲ್ಲಿ ಬಂದು ನಾನು ಏನು ಮಾಡ್ಲಿ? ನಂಗೆ ಏನೂ ಬರಲ್ಲ. ಇಷ್ಟು ಹೊತ್ತೂ ನೋಡ್ದೆಯಲ್ಲ.

ನಿಸರ್ಗಾ: ನಥಿಂಗ್. ಗುಡ್ಡದ ಮೇಲೆ ಕೂತ್ಕೊಳ್ಳೋದು. ಬೆಳಿಗ್ಗೆಯಿಂದ ಸಂಜೆ ತನಕ. ನಿನ್ನ ಆಫೀಸ್ ಪೇಜರ್‌ಗೆ ಸಿಗ್ನಲ್ ಇರಲ್ಲ ಅಲ್ಲಿ. ಮೇಗನ್ ಡ್ಯಾಡ್‌ಗೆ ಒಂದು ಡೀರ್ ಸಿಕ್ಕಿ, ಲೈಕ್, ಎಷ್ಟೋ ವರ್ಷ ಆಯ್ತು. ದೇ ಜಸ್ಟ್ ಸಿಟ್. ಅವಳೂ ಅವಳಪ್ಪಾನೂ.

ವಾಸುದೇವ: ಸುಮ್ನೆ ಕೂತ್ಕೊಳ್ಳೋಕೆ ಬಂದೂಕು ಯಾಕೆ ಪುಟ್ಟಾ? ಮನೇಲೇ ಕೂರಬಹುದಿತ್ತಲ್ಲ.

ನಿಸರ್ಗಾ: ಮನೇಲಿ ನೀನು ಕೂರಲ್ಲ.

ವಾಸುದೇವರು ಕನ್ನಡಕ ಒರೆಸಿಕೊಂಡರು, ಅದರ ಒಂದು ಗಾಜು ಆಗಲೇ ಬಿರುಕು ಬಿಟ್ಟಿತ್ತು. ನಿರುಪಮಾ ಸೆರಗಿಲ್ಲದ ಕುರ್ತಾದ ತುದಿಯಲ್ಲಿಯೇ ಮೂಗು ಒರೆಸಿಕೊಂಡು ಗುಡ್ಡದ ಕಡೆ ನೋಡಿದರು. ಸಿಲ್ವೇರಾನಿಗೆ ಭಾಷೆ ತಿಳಿಯದಿದ್ದರೂ ಬಾಗಿಲು ಹಾಕುವುದನ್ನು ನಿಲ್ಲಿಸಿದ.

ವಾಸುದೇವ: ಬರ್ತೀನಿ. ಬಂದೇ ಬರ್ತೀನಿ. ಆಫೀಸು ಹಾಳಾಗ್ಲಿ. ಚಿತ್ರಾನ್ನ ಕಟ್ಕೊಂಡು ಹೋಗೋಣ.

ನಿಸರ್ಗಾ: ರಿಯಲಿ?

ವಾಸುದೇವ: ರಿಯಲಿ. ಆದರೆ ಪುಟ್ಟಾ, ಆ ಜಿಂಕೆ... ಎದುರಿಗೆ ಬಂದೇಬಿಟ್ಟರೆ? ಅದು ನನ್ನ ಮುಖ ನೋಡಿದ್ರೆ ನಾನೇನು ಮಾಡ್ಲಿ?

ನಿಸರ್ಗಾ: ಅಪ್ಪಾ, ನಾನು ನಿಜ ಹೇಳ್ಲಾ? ಐ ಡೋಂಟ್ ನೋ ಇಫ್ ಐ ಕ್ಯಾನ್. ಬಂದಾಗ ನೋಡೋಣ. ಬಟ್ ಒನ್ ರೂಲ್. ಯೂ ಕಾಂಟ್ ಟಾಕ್.

ವಾಸುದೇವ: ಮಾತಾಡಬಾರದಾ? ಬೆಳಿಗ್ಗೆಯಿಂದ ಸಂಜೆವರೆಗೆ? ಯಾಕೆ?

ನಿಸರ್ಗಾ: ಕೇಳಿಸಿದ್ರೆ ಡೀರ್ ಓಡಿಹೋಗುತ್ತೆ.

ವಾಸುದೇವರು ಥಟ್ಟನೆ ನೆಟ್ಟಗಾದರು. ಬಿರುಕು ಬಿಟ್ಟ ಗಾಜಿನ ಹಿಂದೆ ಕಣ್ಣು ದೊಡ್ಡದಾಯಿತು. ಸಿಲ್ವೇರಾನ ಕಡೆ ತಿರುಗಿದರು.

ವಾಸುದೇವ: ಮಿಸ್ಟರ್ ಸಿಲ್ವೇರಾ, ಈ ಜಿಂಕೆಗಳಿಗೆ ಎಷ್ಟು ದೂರದಿಂದ ಕೇಳಿಸುತ್ತೆ?

ಸಿಲ್ವೇರಾ: ಆಚೆ ಗುಡ್ಡದಿಂದಲೇ ಕೇಳಿಸುತ್ತೆ ಸರ್. ಮಾತಂತೂ ಆಡೋ ಹಾಗೇ ಇಲ್ಲ.

ವಾಸುದೇವ: ಒಂದು ಸಲ ಕೆಮ್ಮಿದ್ರೆ?

ಸಿಲ್ವೇರಾ: ಒಂದು ಗಂಟೆ ಒಂದೂ ಸುಳಿಯಲ್ಲ.

ವಾಸುದೇವ: ಸ್ವಲ್ಪ ಗಟ್ಟಿಯಾಗಿ ವಿಷ್ಣು ಸಹಸ್ರನಾಮ ಹೇಳಿದ್ರೆ? ಐ ಮೀನ್, ಒಂದು ಲಾಂಗ್ ಪ್ರೇಯರ್?

ಸಿಲ್ವೇರಾ: ಆ ಕಣಿವೆಯಲ್ಲಿ ಆ ವರ್ಷದ ಬೇಟೆ ಮುಗೀತು ಅಂತ ತಿಳ್ಕೊಳ್ಳಿ.

ವಾಸುದೇವ: ಎಲ್ಲಿ ಸಹಿ ಹಾಕ್ಬೇಕು?

ನಿಸರ್ಗಾ: ಅಪ್ಪಾ! ನೋ! ಅಮ್ಮಾ, ಹೇಳು ಅಪ್ಪನಿಗೆ!

ಹೇಳಿದಳೇ ಹೊರತು ಅವಳೂ ನಗುತ್ತಿದ್ದಳು. ವಾಸುದೇವರು ಆಗಲೇ ಜನಿವಾರದ ಕಿವಿಯಲ್ಲಿಯೇ ಅಂಗಡಿಯ ಒಳಗೆ ನುಗ್ಗಿ, ಪೆನ್ನು ಕೇಳುತ್ತಿದ್ದರು.

ನಿರುಪಮಾ: ಬಿಡು ಕೂಸ, ಹೋಗಲಿ ಬಿಡು. ಹದಿನೇಳು ವರ್ಷ ನಾನೊಬ್ಬಾಕಿ ಕೇಳಿ ಕೇಳಿ ಸಾಕಾಗೇದ. ಕಡೀಕೂ ನಿಮ್ಮಪ್ಪನ ಬಾಯಿಂದ ಒಂದು ಜೀವ ಉಳಿಯೋ ಕಾಲ ಬಂತು.